ಶಂಬೂಕನ ಕಥೆ ಬದಲಿಸಬಹುದಾ? ಮಾಸ್ತಿ, ಕುವೆಂಪು ಮತ್ತು ಒಂದು ಹಳೇ ಜಗಳ

ಕನ್ನಡದಲ್ಲಿ ಸಾಹಿತ್ಯ ಜಗಳಗಳಿಗೇನೂ ಬರ ಇಲ್ಲ. ಪ್ರಾಸ ಬೇಕಾ ಬೇಡವಾ ಅಂತ ಜಗಳ ಆಗಿದೆ, ನವ್ಯ ದೊಡ್ಡದಾ ನವೋದಯ ದೊಡ್ಡದಾ ಅಂತ ಆಗಿದೆ. ಬಹುತೇಕ ಜಗಳಗಳು ಆರಿ ತಣ್ಣಗಾದವು. ಆದರೆ ಒಂದು ಮಾತ್ರ ನನ್ನ ಮಟ್ಟಿಗೆ ಇನ್ನೂ ಬಿಸಿಯಾಗೇ ಇದೆ. ಅದು 'ಶೂದ್ರ ತಪಸ್ವಿ' ನಾಟಕದ ಬಗ್ಗೆ ಮಾಸ್ತಿ ಮತ್ತು ಕುವೆಂಪು ನಡುವೆ ನಡೆದದ್ದು.

ಮೊದಲು ಮೂಲ ಕಥೆ ನೋಡೋಣ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಒಬ್ಬ ಬ್ರಾಹ್ಮಣ ಸತ್ತ ಮಗನನ್ನು ಎತ್ತಿಕೊಂಡು ರಾಮನ ಬಾಗಿಲಿಗೆ ಬರುತ್ತಾನೆ. ರಾಜ್ಯದಲ್ಲಿ ಅಧರ್ಮ ನಡೆದಿಲ್ಲದಿದ್ದರೆ ಎಳೆ ಮಗು ಯಾಕೆ ಸಾಯುತ್ತೆ ಅನ್ನೋದು ಅವನ ಪ್ರಶ್ನೆ. ಎಲ್ಲೋ ಒಬ್ಬ ಶೂದ್ರ ತಪಸ್ಸು ಮಾಡ್ತಿದ್ದಾನೆ, ಅದೇ ಕಾರಣ ಅಂತ ನಾರದರು ಹೇಳುತ್ತಾರೆ. ರಾಮ ಪುಷ್ಪಕ ಹತ್ತಿ ಹುಡುಕಿಕೊಂಡು ಹೋಗುತ್ತಾನೆ. ದಕ್ಷಿಣದಲ್ಲಿ ಒಂದು ಸರೋವರದ ಹತ್ತಿರ ತಲೆಕೆಳಗಾಗಿ ತಪಸ್ಸು ಮಾಡುತ್ತಿದ್ದ ಶಂಬೂಕ ಸಿಗುತ್ತಾನೆ. ಯಾವ ಜಾತಿ ಅಂತ ಕೇಳುತ್ತಾನೆ, ಅವನು ನಿಜ ಹೇಳುತ್ತಾನೆ, ಕತ್ತಿ ಬೀಸುತ್ತೆ. ಅತ್ತ ಮಗು ಬದುಕುತ್ತೆ. ಅಷ್ಟೇ ಕಥೆ. ಆದರೆ ಓದಿದವರ ಗಂಟಲಲ್ಲಿ ಮುಳ್ಳಿನ ಹಾಗೆ ಉಳಿದುಬಿಡುತ್ತೆ.

ಈಗ ಕುವೆಂಪು ಏನು ಮಾಡಿದರು ನೋಡಿ. 1944ರಲ್ಲಿ ಬಂದ ನಾಟಕದಲ್ಲಿ ಮಗು ಸಾಯೋದಕ್ಕೆ ಕಾರಣ ಶಂಬೂಕನ ತಪಸ್ಸಲ್ಲ, ಆ ಬ್ರಾಹ್ಮಣನೇ. ತಪೋವನಕ್ಕೆ ಬಂದವನು ಋಷಿಯನ್ನು ಕಂಡು ಕೈ ಮುಗಿಯಲು ಹೊರಟು, ಶೂದ್ರ ಅಂತ ಗೊತ್ತಾದ ಕೂಡಲೇ ಹಿಂದೆ ಸರಿದು ಅವಮಾನ ಮಾಡುತ್ತಾನೆ. ರಾಮನಿಗೆ ಇದು ಅರ್ಥವಾಗಿದೆ. ಪಾಪಿ ಯಾರೋ ಅವರನ್ನು ಹುಡುಕಲಿ ಅಂತ ಬ್ರಹ್ಮಾಸ್ತ್ರ ಬಿಡುತ್ತಾನೆ. ಬಾಣ ಹೋಗಿ ಶಂಬೂಕನಿಗೆ ನಮಸ್ಕಾರ ಮಾಡಿ, ತಿರುಗಿ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತೆ! ಕೊನೆಗೆ ಅವನಿಗೆ ಕಣ್ಣು ತೆರೆಯುತ್ತೆ, ತಪಸ್ವಿಗೆ ಬಾಗುತ್ತಾನೆ, ಮಗು ಏಳುತ್ತೆ. ಒಂದೇ ಒಂದು ಬಾಣದ ದಿಕ್ಕು ಬದಲಿಸಿ ಇಡೀ ಕಥೆಯನ್ನೇ ತಿರುಗಿಸಿಬಿಟ್ಟರು.

ಮಾಸ್ತಿಯವರಿಗೆ ಇದು ಸರಿ ಕಾಣಲಿಲ್ಲ. ಕುವೆಂಪುಗಿಂತ ಹದಿಮೂರು ವರ್ಷ ಹಿರಿಯರು, ಸಣ್ಣಕಥೆಯ ಹಿರಿಯಜ್ಜ, 'ಜೀವನ' ಪತ್ರಿಕೆಯ ಸಂಪಾದಕರು. ನಾಟಕದ ವಿಮರ್ಶೆಯಲ್ಲಿ ಅವರ ಮುಖ್ಯ ತಕರಾರನ್ನು ನನ್ನ ಮಾತಲ್ಲಿ ಹೇಳೋದಾದರೆ: ಹಳೆ ಕಥೆ ಹಿಡಿಸದಿದ್ದರೆ ಬಿಡಿ, ನಿಮ್ಮ ಅಭಿಪ್ರಾಯಕ್ಕೆ ತಕ್ಕ ಹೊಸ ಕಥೆ ಕಟ್ಟಿ. ಎಲ್ಲರಿಗೂ ಗೊತ್ತಿರುವ ಪುರಾಣದ ಘಟನೆಯನ್ನು ನಮ್ಮ ಕಾಲದ ವಿಚಾರಕ್ಕೆ ಒಗ್ಗುವ ಹಾಗೆ ತಿರುಚಬಾರದು. ಕುವೆಂಪು ಸುಮ್ಮನಿರಲಿಲ್ಲ. ಮಾಸ್ತಿಯವರನ್ನೇ ಉದ್ದೇಶಿಸಿ ಉತ್ತರ ಬರೆದರು. ರಾಮನಂಥ ಮಹಾವ್ಯಕ್ತಿಗೆ ಅಂಟಿದ ಕಳಂಕವನ್ನು ತೊಳೆಯುವುದೂ ಕವಿಯ ಕೆಲಸ ಅನ್ನೋದು ಅವರ ನಿಲುವಿನ ತಿರುಳು.

ಇಬ್ಬರಲ್ಲಿ ಯಾರು ಸರಿ? ಇತಿಹಾಸ ತೆಗೆದು ನೋಡಿದರೆ ಮಾಸ್ತಿಯವರ ವಾದಕ್ಕೆ ಕಾಲೂರಲು ಜಾಗವೇ ಸಿಗಲ್ಲ. ಯಾಕಂದ್ರೆ ಕನ್ನಡ ಕಾವ್ಯದ ದೊಡ್ಡ ದಾರಿ ಶುರುವಾಗೋದೇ ಕಥೆ ಬದಲಿಸೋದರಿಂದ. ಹತ್ತನೇ ಶತಮಾನದ ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಕೊನೆಗೆ ಪಟ್ಟ ಆಗೋದು ಧರ್ಮರಾಯನಿಗಲ್ಲ, ಅರ್ಜುನ ಸುಭದ್ರೆಯರಿಗೆ! ಯಾಕೆ? ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಹೋಲಿಸಬೇಕಿತ್ತು. ದೊರೆಗೋಸ್ಕರ ವ್ಯಾಸರ ಕಥೆ ಬದಲಿಸಬಹುದು, ಶಂಬೂಕನಿಗೋಸ್ಕರ ವಾಲ್ಮೀಕಿಯ ಕಥೆ ಬದಲಿಸಬಾರದು ಅಂದರೆ ಹೇಗೆ?

ಇನ್ನು ಶಂಬೂಕನ ವಿಷಯಕ್ಕೇ ಬನ್ನಿ. ಜೈನ ರಾಮಾಯಣಗಳಲ್ಲಿ ಅವನು ಶೂದ್ರನೇ ಅಲ್ಲ, ರಾವಣನ ತಂಗಿಯ ಮಗ. ದಿವ್ಯ ಖಡ್ಗಕ್ಕಾಗಿ ಬಿದಿರುಮೆಳೆಯಲ್ಲಿ ಸಾಧನೆ ಮಾಡುತ್ತಿದ್ದಾಗ ಲಕ್ಷ್ಮಣನ ಕೈಯಲ್ಲಿ ಅಚಾತುರ್ಯದಿಂದ ಸಾಯುತ್ತಾನೆ. ನಮ್ಮ ನಾಗಚಂದ್ರನ ಪಂಪರಾಮಾಯಣ ಬಂದಿರೋದು ಈ ದಾರಿಯಲ್ಲೇ. ಸಂಸ್ಕೃತದಲ್ಲಿ ಎಂಟನೇ ಶತಮಾನದ ಭವಭೂತಿ 'ಉತ್ತರರಾಮಚರಿತ'ದಲ್ಲಿ ಕೊಲೆಯನ್ನು ಉಳಿಸಿಕೊಂಡ. ಆದರೆ ಕತ್ತಿ ಎತ್ತುವಾಗ ರಾಮನ ಕೈ ನಡುಗುತ್ತೆ, ತನ್ನ ಬಲಗೈಗೆ ತಾನೇ ಹೇಳಿಕೊಂಡು ಹೊಡೆಯಬೇಕಾಗುತ್ತೆ. ಸತ್ತ ಶಂಬೂಕ ದಿವ್ಯಪುರುಷನಾಗಿ ಎದ್ದು ಬಂದು ರಾಮನಿಗೆ ಕೃತಜ್ಞತೆ ಹೇಳುತ್ತಾನೆ. ಅಂದರೆ ಕುವೆಂಪುಗಿಂತ ಸಾವಿರದ ಇನ್ನೂರು ವರ್ಷ ಮೊದಲೇ ಒಬ್ಬ ದೊಡ್ಡ ಕವಿಗೆ ಈ ಮುಳ್ಳು ಚುಚ್ಚಿತ್ತು! ಪಕ್ಕದ ತೆಲುಗಿನಲ್ಲಿ ತ್ರಿಪುರನೇನಿ ರಾಮಸ್ವಾಮಿ ಚೌಧರಿ 1920ರಲ್ಲೇ 'ಶಂಬೂಕ ವಧ' ಬರೆದು ಈ ವಧೆಯನ್ನು ನೇರವಾಗಿ ಪ್ರಶ್ನಿಸಿದ್ದರು.

ಹಾಗಾದರೆ ಮಾಸ್ತಿ ಸೋತರು, ಕುವೆಂಪು ಗೆದ್ದರು ಅಂತ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಾಟಕವನ್ನು ಮತ್ತೆ ಮತ್ತೆ ಓದಿದ ಹಾಗೆ ನನಗೆ ಬೇರೊಂದು ತಳಮಳ ಶುರುವಾಗುತ್ತೆ.

ತೆಲುಗು ನಾಟಕದ ಜೊತೆ ಇಟ್ಟು ನೋಡಿ, ವ್ಯತ್ಯಾಸ ತಿಳಿಯುತ್ತೆ. ಅಲ್ಲಿ ಪ್ರಶ್ನೆಗೆ ಗುರಿಯಾಗೋದು ಅರಸೊತ್ತಿಗೆ ಮತ್ತು ಅದರ ಹಿಂದಿರುವ ಪುರೋಹಿತರು. ಕೊಲೆ ಕೊಲೆಯಾಗಿಯೇ ಉಳಿಯುತ್ತೆ. ಕುವೆಂಪು ನಾಟಕದಲ್ಲಿ ಕೊಲೆ ನಡೆಯೋದೇ ಇಲ್ಲ. ರಾಮ ಶುಭ್ರವಾಗಿ ಹೊರಗೆ ಬರುತ್ತಾನೆ. ಬ್ರಾಹ್ಮಣನಿಗೂ ಪಶ್ಚಾತ್ತಾಪದಿಂದ ಬಿಡುಗಡೆ ಸಿಗುತ್ತೆ. ಎಲ್ಲರೂ ಉದ್ಧಾರವಾಗುತ್ತಾರೆ! ಆದರೆ ತಲೆ ಕಳೆದುಕೊಂಡ ಆ ಹಳೆಯ ಶಂಬೂಕನ ನೋವು ಎಲ್ಲಿ ಹೋಯಿತು? ಅನ್ಯಾಯವನ್ನು ತೊಳೆಯಲು ಹೋಗಿ ಅನ್ಯಾಯದ ಗುರುತೇ ಅಳಿಸಿಹೋಯಿತಾ? 1979ರಲ್ಲಿ ಬಂಡಾಯ ಸಂಘಟನೆ ಹುಟ್ಟಿದ ಮೇಲೆ ಬೆಳೆದ ನನ್ನಂಥ ಓದುಗರಿಗೆ ಈ ಪ್ರಶ್ನೆ ಏಳದೇ ಇರೋದು ಕಷ್ಟ. ಮಾಸ್ತಿ ಸಂಪ್ರದಾಯದ ಕಡೆಯಿಂದ 'ಕಥೆ ಬದಲಿಸಬೇಡಿ' ಅಂದರು. ಅದೇ ಮಾತನ್ನು ಶಂಬೂಕನ ಕಡೆಯವನೊಬ್ಬ, 'ನಮಗೆ ಆದದ್ದನ್ನು ಆಗಿಲ್ಲ ಅನ್ನಬೇಡಿ' ಅಂತ ಹೇಳಬಹುದಲ್ಲವೇ?

ಇದಕ್ಕೆ ನನಗೆ ತೋಚುವ ಉತ್ತರ ಕುವೆಂಪು ಆಗ ಬರೆಯುತ್ತಿದ್ದ ಇನ್ನೊಂದು ಪುಸ್ತಕದಲ್ಲಿದೆ. 1936ರ ಹೊತ್ತಿಗೆ ಶುರು ಮಾಡಿ ಸುಮಾರು ಒಂಬತ್ತು ವರ್ಷ ಅವರು 'ಶ್ರೀರಾಮಾಯಣ ದರ್ಶನಂ' ಬರೆಯುತ್ತಿದ್ದರು, ಅದು ಅಚ್ಚಾದದ್ದು 1949ರಲ್ಲಿ. ಅಲ್ಲಿ ಸೀತೆ ಒಬ್ಬಳೇ ಬೆಂಕಿಗೆ ಇಳಿಯಲ್ಲ, ರಾಮನೂ ಇಳಿಯುತ್ತಾನೆ. ಮಂಥರೆಗೂ ಉದ್ಧಾರ ಇದೆ. ಯಾರನ್ನೂ ಹೊರಗೆ ಬಿಡದ ದರ್ಶನ ಅದು. ಇಂಥ ರಾಮನನ್ನು ಕಟ್ಟುತ್ತಿರುವ ಕವಿಗೆ ಶಂಬೂಕನ ವಧೆ ನುಂಗಲೂ ಆಗದ ಉಗುಳಲೂ ಆಗದ ತುತ್ತು. ಮಹಾಕಾವ್ಯದೊಳಗೆ ಅದಕ್ಕೆ ಜಾಗ ಇಲ್ಲ. ಹಾಗಂತ ಶೂದ್ರ ಮನೆತನದಲ್ಲಿ ಹುಟ್ಟಿದ ಕವಿ ಅದನ್ನು ಕಂಡೂ ಕಾಣದ ಹಾಗೆ ಇರಲೂ ಸಾಧ್ಯವಿಲ್ಲ. ಅದಕ್ಕೇ ಅದು ಕಾವ್ಯದ ಹೊರಗೆ, ಬೇರೆ ನಾಟಕವಾಗಿ ನಿಂತಿತು ಅನ್ನೋದು ನನ್ನ ಊಹೆ.

ಮೂರು ವರ್ಷದ ಮೇಲೆ, 1947ರಲ್ಲಿ, 'ಬೆರಳ್‌ಗೆ ಕೊರಳ್' ಬಂತು. ಅದು ಏಕಲವ್ಯನ ಕಥೆ. ಅಲ್ಲಿ ಬೆರಳು ಹೋಗೇ ಹೋಗುತ್ತೆ, ಅದನ್ನು ತಡೆಯೋ ಬಾಣ ಯಾವುದೂ ಬರಲ್ಲ. ಬೆರಳು ಕೇಳಿದ್ದಕ್ಕೆ ಕೊರಳಿನ ಬೆಲೆ ತೆರಬೇಕಾಗುತ್ತೆ. ಎರಡೂ ನಾಟಕ ಒಟ್ಟಿಗೆ ಓದಿದರೆ ಒಂದರಲ್ಲಿ ತಣಿಯದ ಸಿಟ್ಟು ಇನ್ನೊಂದರಲ್ಲಿ ಕಾಣುತ್ತೆ ಅಂತ ನನಗನ್ನಿಸುತ್ತೆ.

ಮಾಸ್ತಿ ತಪ್ಪು ಕಾರಣಕ್ಕೆ ಸರಿಯಾದ ಪ್ರಶ್ನೆ ಕೇಳಿದರು ಅನ್ನೋದು ನನ್ನ ತೀರ್ಮಾನ. ಪುರಾಣ ಬದಲಿಸಬಹುದಾ ಅನ್ನೋದಕ್ಕೆ ಪಂಪನೇ ಉತ್ತರ ಕೊಟ್ಟಾಗಿದೆ. ಬದಲಿಸಿದಾಗ ಯಾರಿಗೆ ಲಾಭ ಆಯಿತು, ಯಾರ ಗಾಯ ಮುಚ್ಚಿಹೋಯಿತು ಅನ್ನೋದು ಮಾತ್ರ ಪ್ರತಿ ಸಲವೂ ಹೊಸದಾಗಿ ಕೇಳಬೇಕಾದ ಲೆಕ್ಕ. ಇನ್ನೊಂದು ಮಾತು. ಇಷ್ಟು ದೊಡ್ಡ ಭಿನ್ನಾಭಿಪ್ರಾಯ ಇದ್ದರೂ ಇಬ್ಬರೂ ಪುಸ್ತಕ ಓದಿ, ಹೆಸರು ಹಾಕಿ, ಕಾರಣ ಕೊಟ್ಟು ಬರೆದರು. ಯಾರೂ ಯಾರ ಪುಸ್ತಕವನ್ನೂ ಸುಡಿ ಅನ್ನಲಿಲ್ಲ.

ನಾಟಕ ಚಿಕ್ಕದು, ಒಂದೇ ಕೂತಲ್ಲಿ ಓದಿ ಮುಗಿಸಬಹುದು. ಭಾಷೆ ಸ್ವಲ್ಪ ಗಡುಸು, ಹಳಗನ್ನಡದ ವಾಸನೆ ಇದೆ, ಗಟ್ಟಿಯಾಗಿ ಓದಿಕೊಂಡರೆ ದಾರಿ ಬಿಡುತ್ತೆ. ಆ ಬಾಣ ತಿರುಗಿದ್ದು ಸರಿಯೋ ತಪ್ಪೋ, ಓದಿ ನೀವೇ ಹೇಳಿ.