ಹೆಗ್ಗೋಡಿನ ರಂಗಮಂದಿರ ಮತ್ತು ನಮ್ಮದು

ಸುವರ್ಣ ಮಹೋತ್ಸವ ಸಂಚಿಕೆಗೆ ನಾಟಕದ ಬಗ್ಗೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ನೆನಪಾದದ್ದು ಹೆಗ್ಗೋಡು. ನಮ್ಮ ಶಾಲೆಯ ಬಯಲು ರಂಗಮಂದಿರವನ್ನು ಕೆಡವಿ ಕೊಠಡಿ ಕಟ್ಟುವ ಮಾತು ನಡೆದಿರುವಾಗ ಆ ಊರಿನ ಚರಿತ್ರೆ ನಮಗೆ ಗೊತ್ತಿರಬೇಕು.

ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಸಣ್ಣ ಊರು. 1949ರಲ್ಲಿ ಅಲ್ಲಿಯವರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ನಾವೆಲ್ಲ ನೀನಾಸಮ್ ಎನ್ನುವುದು ಇದನ್ನೇ. ಮೈಸೂರಿನಲ್ಲಿ ಓದಿ ಊರಿಗೆ ಮರಳಿದ ಕೆ.ವಿ. ಸುಬ್ಬಣ್ಣನವರು ತೋಟವನ್ನೂ ನೋಡಿಕೊಂಡು ಸಂಘವನ್ನೂ ಬೆಳೆಸಿದರು. 1957ರಲ್ಲಿ ಅಕ್ಷರ ಪ್ರಕಾಶನವನ್ನೂ ಆರಂಭಿಸಿದರು.

ಅಲ್ಲಿನ ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ, ಅಂದರೆ ಸಂಘ ಹುಟ್ಟಿ 23 ವರ್ಷಗಳಾದ ಮೇಲೆ. ಮೊದಲು ನಾಟಕ, ಆಮೇಲೆ ಕಟ್ಟಡ. ನಮ್ಮಲ್ಲಿ ಆದದ್ದು ತಿರುಗುಮುರುಗು: ಕಟ್ಟಡ ಬಂತು, ನಾಟಕಕ್ಕಾಗಿ ಕಾದೆವು! ಅಲ್ಲಿ ಮರುವರ್ಷವೇ ಚಿತ್ರಸಮಾಜವೂ ಶುರುವಾಯಿತು. ಸತ್ಯಜಿತ್ ರೇ, ಕುರೊಸಾವಾ ಅವರ ಚಿತ್ರಗಳನ್ನು ಹಳ್ಳಿಯ ಜನ ಕೂತು ನೋಡಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾದೀತೇ ಎಂದು ಈಗಲೂ ಕೇಳುವವರಿದ್ದಾರೆ. ಅವರಿಗೆ ನಾನು ಹೆಗ್ಗೋಡನ್ನು ತೋರಿಸುತ್ತೇನೆ.

1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ 'ತಿರುಗಾಟ' ಬಂದವು. ತಿರುಗಾಟದ್ದು ದೊಡ್ಡ ಕೆಲಸ. ಪ್ರತಿವರ್ಷ ಹೊಸ ನಾಟಕಗಳನ್ನು ಕಲಿತು ತಂಡ ತಿಂಗಳುಗಟ್ಟಲೆ ಊರೂರು ಸುತ್ತುತ್ತದೆ. ನಟರೇ ಪೆಟ್ಟಿಗೆ ಇಳಿಸಿ, ರಂಗ ಸಜ್ಜುಗೊಳಿಸಿ, ರಾತ್ರಿ ಬಣ್ಣ ಹಚ್ಚಿ ನಿಲ್ಲುತ್ತಾರೆ. ನಮ್ಮ ತಾಲ್ಲೂಕು ಕೇಂದ್ರಕ್ಕೆ ಈ ತಂಡ ಬಂದಾಗ ಒಂಬತ್ತನೇ ತರಗತಿಯ ಮಕ್ಕಳನ್ನು ಟೆಂಪೋದಲ್ಲಿ ಕರೆದೊಯ್ದಿದ್ದೆ. ನಾಟಕಕ್ಕಿಂತ ಹೆಚ್ಚಾಗಿ, ರಾಜನ ಪಾತ್ರದವನು ಕೊನೆಗೆ ಜಮಖಾನ ಸುತ್ತಿದ್ದು ಹುಡುಗರ ಬಾಯಲ್ಲಿ ವಾರಗಟ್ಟಲೆ ಉಳಿಯಿತು. ಆ ವರ್ಷದ ವಾರ್ಷಿಕೋತ್ಸವದಲ್ಲಿ ಪರದೆ ಕಟ್ಟಲು ನಾನು ಯಾರನ್ನೂ ಕರೆಯಬೇಕಾಗಲಿಲ್ಲ.

1991ರಲ್ಲಿ ಸುಬ್ಬಣ್ಣನವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಸಂಸ್ಥೆ ನಿಲ್ಲಲಿಲ್ಲ. ಕೆಲಸ ಒಬ್ಬರ ಕೈಯಲ್ಲೇ ಉಳಿದಿರಲಿಲ್ಲವೆಂಬುದೇ ಇದಕ್ಕೆ ಕಾರಣವೆಂದು ನನ್ನ ಎಣಿಕೆ.

ಕೊಠಡಿ ಬೇಡವೆಂದು ನಾನು ಹೇಳುವುದಿಲ್ಲ; ಮಕ್ಕಳು ಜಗಲಿಯಲ್ಲಿ ಕೂತು ಓದುವುದನ್ನು ಕಂಡವನು ನಾನು. ಆದರೆ ಶಾಲೆಯ ಹಿಂದೆ ಜಾಗವಿದೆ. ನಮ್ಮ ರಂಗಮಂದಿರದಲ್ಲಿ ಈಗ ಮುರಿದ ಬೆಂಚುಗಳು ತುಂಬಿವೆ. ಮಹೋತ್ಸವದ ಎರಡನೆಯ ರಾತ್ರಿಗೆ ಹಳೆಯ ವಿದ್ಯಾರ್ಥಿಗಳು ನಾಟಕ ಒಪ್ಪಿಕೊಂಡಿದ್ದಾರೆ. ಭಾನುವಾರ ಬೆಂಚು ಸಾಗಿಸಿ, ಸೋಮವಾರದಿಂದ ಅಲ್ಲೇ ತಾಲೀಮು.