ಅಡಗಲಿಕ್ಕೆ ಅಗೆದ ಮನೆ

ಸಿಯೋಲ್‌ಗೆ ಓದಲು ಹೋದಾಗ ನಾನು ಹಿಡಿದ ಮೊದಲ ಬಾಡಿಗೆ ಮನೆಯ ಕಿಟಕಿಯಿಂದ ಕಾಣ್ತಿದ್ದದ್ದು ಓಡಾಡುವವರ ಕಾಲುಗಳು ಮಾತ್ರ. ಮನೆ ಅರ್ಧ ನೆಲದೊಳಗೆ, ಅರ್ಧ ಮೇಲೆ. ಕೊರಿಯನ್ನರು ಇದನ್ನು ‘ಬಾನ್‌ಜಿಹಾ’ ಅಂತಾರೆ. ಬಾಡಿಗೆ ಕಮ್ಮಿ, ಅಡ್ವಾನ್ಸೂ ಕಮ್ಮಿ. ಪರದೇಶಿಗೆ ಇನ್ನೇನು ಬೇಕು ಅಂದ್ಕೊಂಡೆ.

ಅಸಲಿಗೆ ಇಂಥವನ್ನು ಶುರುವಿನಲ್ಲಿ ಕಟ್ಟಿದ್ದು ಮನೆ ಅಂತಲೇ ಅಲ್ಲ. 1968ರ ಜನವರಿಯಲ್ಲಿ ಉತ್ತರ ಕೊರಿಯಾದ 31 ಕಮಾಂಡೊಗಳು ಅಧ್ಯಕ್ಷ ಪಾರ್ಕ್ ಚುಂಗ್ ಹೀಯನ್ನು ಕೊಲ್ಲಲೆಂದು ಅವರ ನಿವಾಸದ ಕೂಗಳತೆ ದೂರಕ್ಕೆ ಬಂದಿದ್ದರು. ಆ ದಿಗಿಲಿನಲ್ಲೇ ಸರ್ಕಾರ 1970ರಲ್ಲಿ ಕಟ್ಟಡ ಕಾಯ್ದೆ ತಿದ್ದಿ ನೆಲಮಾಳಿಗೆ ಕಟ್ಟಿಸತೊಡಗಿತು. ಯುದ್ಧವಾದರೆ ಜನ ಅಡಗಬೇಕಲ್ಲ! ಯುದ್ಧ ಬರಲಿಲ್ಲ, ಕೆಲಸ ಹುಡುಕಿಕೊಂಡು ಹಳ್ಳಿಯವರು ಬಂದರು. ಮಾಲೀಕರು ಮಾಳಿಗೆಗಳನ್ನು ಕದ್ದುಮುಚ್ಚಿ ಬಾಡಿಗೆಗೆ ಬಿಟ್ಟರು. ಊರಲ್ಲಿ ಮನೆ ಸಾಲದಾದಾಗ, 80ರ ದಶಕದಲ್ಲಿ, ಸರ್ಕಾರವೇ ನಿಯಮ ಸಡಿಲಿಸಿತು. ‘ಪ್ಯಾರಸೈಟ್’ ಸಿನಿಮಾದ ಬಡ ಕುಟುಂಬ ಇರೋದು ಇಂಥ ಮನೆಯಲ್ಲೇ.

2022ರ ಆಗಸ್ಟ್ 8ರ ರಾತ್ರಿ ಸಿಯೋಲ್‌ನಲ್ಲಿ ಭಾರಿ ಮಳೆ. ಸಿಲ್ಲಿಮ್ ಬಡಾವಣೆಯ ಬಾನ್‌ಜಿಹಾ ಒಂದಕ್ಕೆ ನೀರು ನುಗ್ಗಿತು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಿಲ್ಲ, ಕಿಟಕಿಗೆ ಸರಳು. ಒಂದೇ ಕುಟುಂಬದ ಮೂವರು ತೀರಿಕೊಂಡರು. ಅವರಲ್ಲಿ ಒಬ್ಬಳು 13 ವರ್ಷದ ಹುಡುಗಿ.

ಅಷ್ಟೊತ್ತಿಗೆ ನಾನು ಮೂರನೇ ಮಹಡಿಗೆ ಬದಲಾಯಿಸಿದ್ದೆ. ಸುದ್ದಿ ಓದಿ ಹಳೇ ಮನೆಯ ಕಿಟಕಿ ನೆನಪಾಯ್ತು. ಅದಕ್ಕೂ ಕಬ್ಬಿಣದ ಸರಳುಗಳಿದ್ದವು. ‘ಕಳ್ಳರ ಭಯ ಇಲ್ಲಮ್ಮ’ ಅಂತ ಊರಿಗೆ ಫೋನ್ ಮಾಡಿ ಅಮ್ಮನಿಗೆ ಸಮಾಧಾನ ಹೇಳಿದ್ದೆ.