ಅಕ್ಕ, ತಂಗಿ ಮತ್ತು ಒಂದು ಜಾಹೀರಾತು

ಹಾರ್ಡ್ ರಾಕ್ ಎಂದರೆ ಕಣ್ಣ ಮುಂದೆ ಬರುವವರು ಗಂಡಸರೇ. ಎಪ್ಪತ್ತರ ದಶಕದಲ್ಲಂತೂ ಅದು ಅವರದೇ ಅಂಗಳ. ಹೆಣ್ಣಿಗೆ ಅಲ್ಲಿದ್ದ ಜಾಗ ಹೆಚ್ಚಾಗಿ ಕೇಳುವವಳದು, ಇಲ್ಲವೇ ಹಾಡಿನೊಳಗೆ ವರ್ಣನೆಗೆ ಒದಗುವವಳದು. ಆ ಅಂಗಳಕ್ಕೆ ಅಮೆರಿಕದ ಅಕ್ಕತಂಗಿಯರಿಬ್ಬರು ಕಾಲಿಟ್ಟ ಕಥೆ ನನಗೆ ಬಹಳ ಇಷ್ಟ.

ಅಕ್ಕ ಆನ್ ವಿಲ್ಸನ್, ಹುಟ್ಟಿದ್ದು 1950ರಲ್ಲಿ. ತಂಗಿ ನ್ಯಾನ್ಸಿ ನಾಲ್ಕು ವರ್ಷ ಚಿಕ್ಕವಳು. ಅಪ್ಪ ಸೈನ್ಯದ ಅಧಿಕಾರಿ. ಊರೂರು ಅಲೆದು ಕೊನೆಗೆ ಸಿಯಾಟಲ್ ಬಳಿ ನೆಲೆಯೂರಿದ ಸಂಸಾರ. ಎಳವೆಯಲ್ಲಿ ಆನ್‌ಗೆ ಉಗ್ಗು. ಮಾತು ತಡೆದರೂ ಹಾಡು ತಡೆಯುತ್ತಿರಲಿಲ್ಲ.

ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲದೆ ಕೆನಡಾಕ್ಕೆ ದಾಟಿದ್ದ ಮೈಕ್ ಫಿಶರ್‌ನನ್ನು ಪ್ರೀತಿಸಿ ಆನ್ ವ್ಯಾಂಕೂವರ್‌ಗೆ ಹೋದಳು. ಅವಳ ವಾದ್ಯವೃಂದವೂ ಅಲ್ಲಿಗೆ ಬಂತು. 1974ರಲ್ಲಿ ತಂಗಿಯೂ ಕಾಲೇಜು ಬಿಟ್ಟು ಬಂದು ಸೇರಿದಳು. ವೃಂದದ ಹೆಸರು 'ಹಾರ್ಟ್'.

ದೊಡ್ಡ ಕಂಪನಿಗಳು ಯಾವುವೂ ಕೈಹಿಡಿಯದಿದ್ದಾಗ 'ಮಶ್ರೂಮ್' ಎಂಬ ಅಲ್ಲಿನ ಸಣ್ಣ ಕಂಪನಿ 1975ರಲ್ಲಿ 'ಡ್ರೀಮ್‌ಬೋಟ್ ಆನಿ' ಎಂಬ ಅವರ ಮೊದಲ ಆಲ್ಬಂ ಹೊರತಂದಿತು. ಅದರಲ್ಲಿನ 'ಮ್ಯಾಜಿಕ್ ಮ್ಯಾನ್' ಹಾಡಿನಲ್ಲಿ ಪ್ರೀತಿಗೆ ಬಿದ್ದ ಮಗಳ ಹಟವೂ ಇದೆ, ತಾಯಿಯ ಆತಂಕವೂ ಇದೆ. 'ಕ್ರೇಜಿ ಆನ್ ಯು' ಶುರುವಾಗುವುದು ನ್ಯಾನ್ಸಿ ಒಬ್ಬಳೇ ನುಡಿಸುವ ಮರದ ಗಿಟಾರಿನಿಂದ. ವಿದ್ಯುತ್ ಗಿಟಾರುಗಳ ಅಬ್ಬರ ಆಮೇಲೆ. ಮರುವರ್ಷ ಅಮೆರಿಕದಲ್ಲಿ ಬಿಡುಗಡೆಯಾದ ಆಲ್ಬಂ ಅಲ್ಲಿನ ಪಟ್ಟಿಯಲ್ಲಿ 7ನೇ ಸ್ಥಾನಕ್ಕೇರಿತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಇಷ್ಟು ಗೆದ್ದ ಮೇಲೂ ಕಂಪನಿಗೆ ಹಾಡು ಸಾಲಲಿಲ್ಲ. ಅಕ್ಕತಂಗಿಯರ ಬರಿಹೆಗಲಿನ ಚಿತ್ರವನ್ನಿಟ್ಟು, ಅವರಿಬ್ಬರ ನಡುವೆ ಬೇರೇನೋ ಸಂಬಂಧವಿದೆ ಎಂಬ ಅರ್ಥ ಬರುವ ಸಾಲು ಹಾಕಿ, ಪುಟದಗಲ ಜಾಹೀರಾತು ಕೊಟ್ಟಿತು. ಒಂದು ಕಛೇರಿ ಮುಗಿದ ಮೇಲೆ ಯಾರೋ ಬಂದು ಆನ್‌ಳನ್ನು, 'ನಿನ್ನ ಪ್ರೇಯಸಿ ಹೇಗಿದ್ದಾಳೆ?' ಎಂಬ ಧಾಟಿಯಲ್ಲಿ ಕೇಳಿದ. ಅವನು ಕೇಳಿದ್ದು ಒಡಹುಟ್ಟಿದ ತಂಗಿಯ ಬಗ್ಗೆ!

ಆನ್ ಹೋಟೆಲಿನ ಕೋಣೆಗೆ ಹೋಗಿ ಆ ಸಿಟ್ಟನ್ನೆಲ್ಲ ಹಾಡಾಗಿ ಬರೆದಳು. ಅದೇ 1977ರ 'ಬರಾಕುಡಾ'. ಬರಾಕುಡಾ ಎಂದರೆ ಹೊಂಚುಹಾಕಿ ಬೇಟೆಯಾಡುವ, ಚೂಪು ಹಲ್ಲಿನ ಕಡಲ ಮೀನು. ಹೆಣ್ಣಿನ ಮಾನವನ್ನು ಸರಕು ಮಾಡಿದವರಿಗೆ ಇದಕ್ಕಿಂತ ಒಪ್ಪುವ ಹೆಸರು ನನಗಂತೂ ಹೊಳೆಯದು.

ಅವರು ಆ ಕಂಪನಿಯನ್ನು ಬಿಟ್ಟರು. ಅದು ಅವರ ಅರೆಬರೆ ಹಾಡುಗಳನ್ನೇ ಮಾರುಕಟ್ಟೆಗೆ ಬಿಟ್ಟಾಗ ನ್ಯಾಯಾಲಯದ ಮೆಟ್ಟಿಲೇರಿದರು; ಅವುಗಳನ್ನು ತಿದ್ದಿ ಸರಿಪಡಿಸುವ ಹಕ್ಕು ಪಡೆದರು. 2013ರಲ್ಲಿ ಈ ವೃಂದಕ್ಕೆ ಅಮೆರಿಕದ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಗೌರವ ಸಂದಿತು.

ಹೆಣ್ಣಿನ ಮೇಲೆ ಅಪವಾದ ಬಂದಾಗ, 'ಸುಮ್ಮನಿರು, ಮಾತಾಡಿದಷ್ಟೂ ಹೆಸರು ಕೆಡುತ್ತದೆ' ಎನ್ನುವವರು ಎಲ್ಲ ದೇಶಗಳಲ್ಲೂ ಇರಬೇಕು. ಆನ್ ಸುಮ್ಮನಿರಲಿಲ್ಲ. ಅಂದು ಉಗ್ಗಿದ ಹುಡುಗಿ ತನಗೆ ಎಂದೂ ತಡವರಿಸದ ಭಾಷೆಯಲ್ಲೇ ಉತ್ತರ ಕೊಟ್ಟಳು. ಆ ಜಾಹೀರಾತು ಬರೆದವರು ಯಾರೆಂದು ಈಗ ಕೇಳುವವರಿಲ್ಲ. ಹಾಡನ್ನು ಜನ ಇನ್ನೂ ಕೇಳುತ್ತಿದ್ದಾರೆ.